ಕ್ರೂಸ್ ಕಂಟ್ರೋಲ್ ವೇಗ ಹಿಡಿಯುತ್ತಿಲ್ವಾ? ಮೊದಲು ಬ್ರೇಕ್ ಪೆಡಲ್ ಕೆಳಗೆ ನೋಡಿ

ತುಮಕೂರು ದಾಟಿ ಸಿರಾ ಕಡೆ ಹೋಗುವಾಗ ನಾನು ಸಾಮಾನ್ಯವಾಗಿ 90ಕ್ಕೆ ಕ್ರೂಸ್ ಸೆಟ್ ಮಾಡಿಬಿಡುತ್ತೇನೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಕಾರು ಅದೇ ವೇಗದಲ್ಲಿ ಓಡುತ್ತದೆ. ಏಳು ವರ್ಷದ ಪೆಟ್ರೋಲ್ ಕಾರು, ಮ್ಯಾನ್ಯುಯಲ್ ಗೇರು. ಅಷ್ಟೂ ವರ್ಷ ಒಂದು ತಕರಾರು ಇರಲಿಲ್ಲ. ಒಂದು ದಿನ ಸೇತುವೆಯ ಜಾಯಿಂಟ್ ಮೇಲೆ ಚಕ್ರ ದಡ್ ಅಂದ ಕೂಡಲೇ ಮೀಟರಿನಲ್ಲಿದ್ದ ಕ್ರೂಸ್ ಗುರುತು ಆರಿಹೋಯಿತು. ಕಾರು ನಿಧಾನವಾಯಿತು. ರೆಸ್ಯೂಮ್ ಒತ್ತಿದೆ, ಮತ್ತೆ 90 ಹಿಡಿಯಿತು. ಐದು ನಿಮಿಷ ಬಿಟ್ಟು ಇನ್ನೊಂದು ಜಾಯಿಂಟ್ ಬಂತು, ಮತ್ತೆ ಅದೇ ಕಥೆ.

ಗ್ಯಾರೇಜಿಗೆ ಕೊಟ್ಟೆ. ಸ್ಟೀರಿಂಗ್ ಮೇಲಿನ ಬಟನ್ ಸೆಟ್ ಬದಲಿಸಿದರು. ದುಡ್ಡು ಹೋಯಿತು, ದೋಷ ಹೋಗಲಿಲ್ಲ. ಕೊನೆಗೆ ಸುಳಿವು ಕೊಟ್ಟಿದ್ದು ನನ್ನ ಹೆಂಡತಿಯ ತಮ್ಮ. ಚಿತ್ರದುರ್ಗಕ್ಕೆ ಎರಡು ಕಾರಿನಲ್ಲಿ ಹೋಗಿದ್ದೆವು, ಅವನು ನಮ್ಮ ಹಿಂದೆ ಬರುತ್ತಿದ್ದ. ಟೀ ಕುಡಿಯಲು ನಿಲ್ಲಿಸಿದಾಗ ಕೇಳಿದ: 'ಭಾವ, ರೋಡು ಖಾಲಿ ಇತ್ತಲ್ಲ, ಯಾಕೆ ಸುಮ್‌ಸುಮ್ನೆ ಬ್ರೇಕ್ ತುಳೀತಿದ್ರಿ?'

ನಾನು ಬ್ರೇಕ್ ಮುಟ್ಟಿಯೇ ಇರಲಿಲ್ಲ. ಬ್ರೇಕ್ ಲೈಟ್ ತಾನಾಗಿ ಮಿನುಗುತ್ತಿತ್ತು.

ಅಲ್ಲಿಂದ ಮುಂದೆ ಹುಡುಕಿದ್ದು, ಆಮೇಲೆ ಗೆಳೆಯರ ಕಾರುಗಳಲ್ಲಿ ನೋಡಿ ಕಲಿತಿದ್ದು, ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಕ್ರೂಸ್ ಕೆಟ್ಟರೆ 'ಇರಲಿ ಬಿಡು, ಅದಿಲ್ಲದೆ ಓಡಿಸ್ತೀನಿ' ಅಂತ ಸುಮ್ಮನಾಗುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಕ್ರೂಸ್ ಬಿಟ್ಟುಹೋಗುವುದು ಎಷ್ಟೋ ಸಲ ಬ್ರೇಕ್ ಸ್ವಿಚ್, ಚಕ್ರದ ಸೆನ್ಸರ್ ಅಥವಾ ಕ್ಲಚ್ ಕೈಕೊಡುವ ಮೊದಲ ಸೂಚನೆ.

ಕ್ರೂಸ್ ಯಾರ ಮಾತು ಕೇಳುತ್ತದೆ?

ಈಗಿನ ಕಾರುಗಳಲ್ಲಿ ಕ್ರೂಸ್ ಅನ್ನುವ ಪ್ರತ್ಯೇಕ ಡಬ್ಬಿ ಇರುವುದಿಲ್ಲ. ಅದು ಇಂಜಿನ್ ಕಂಪ್ಯೂಟರಿನ, ಅಂದರೆ ಇಸಿಯುವಿನ ಒಳಗಿರುವ ಒಂದು ಪ್ರೋಗ್ರಾಮ್. ಆಕ್ಸಿಲರೇಟರ್ ಪೆಡಲಿನಿಂದ ಇಂಜಿನ್ನಿಗೆ ಕೇಬಲ್ ಇಲ್ಲ, ವೈರಿನಲ್ಲೇ ಸಂದೇಶ ಹೋಗುತ್ತದೆ. ಹಾಗಾಗಿ ನೀವು ತುಳಿಯುವ ಬದಲು ಇಸಿಯುವೇ ಥ್ರಾಟಲ್, ಅಂದರೆ ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ತೆರೆಯುತ್ತದೆ, ಮುಚ್ಚುತ್ತದೆ. ಈಗಿನ ವೇಗ ಎಷ್ಟು, ಸೆಟ್ ಮಾಡಿದ್ದು ಎಷ್ಟು ಅಂತ ಸೆಕೆಂಡಿಗೆ ಎಷ್ಟೋ ಸಲ ಹೋಲಿಸಿ, ಕಮ್ಮಿ ಇದ್ದರೆ ಸ್ವಲ್ಪ ತೆರೆಯುತ್ತದೆ, ಜಾಸ್ತಿ ಇದ್ದರೆ ಸ್ವಲ್ಪ ಮುಚ್ಚುತ್ತದೆ.

ಇಷ್ಟು ಮಾಡಲು ಅದಕ್ಕೆ ಸುದ್ದಿ ಬೇಕು. ವೇಗದ ಸುದ್ದಿ ಚಕ್ರದ ಸೆನ್ಸರಿನಿಂದ ಬರುತ್ತದೆ. ಕಾಲಿನ ಸುದ್ದಿ ಬ್ರೇಕ್ ಮತ್ತು ಕ್ಲಚ್ ಸ್ವಿಚ್ಚಿನಿಂದ, ನಿಮ್ಮ ಇಷ್ಟ ಏನು ಅನ್ನುವುದು ಸ್ಟೀರಿಂಗ್ ಬಟನ್ನಿನಿಂದ. ಪ್ರೋಗ್ರಾಮ್ ಕೆಡುವುದು ಅಪರೂಪ. ಸುದ್ದಿ ತಪ್ಪಾಗಿ ಬರುವುದೇ ಜಾಸ್ತಿ. ಸ್ವಲ್ಪ ಅನುಮಾನ ಬಂದರೂ ಕ್ರೂಸ್ ತಾನೇ ಬಿಟ್ಟುಬಿಡಬೇಕು ಅಂತಲೇ ಅದನ್ನು ಮಾಡಿರುತ್ತಾರೆ. ಅದು ಸರಿ ಕೂಡ.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ನಿಮ್ಮ ಕಾರಿನ ತೊಂದರೆ ಯಾವ ಬಗೆಯದು ಅಂತ ಗಮನಿಸಿ. ಸೆಟ್ಟೇ ಆಗುವುದಿಲ್ಲವೇ? ಸೆಟ್ ಆಗಿ ನಡುವೆ ಬಿಟ್ಟುಹೋಗುತ್ತದೆಯೇ? ಬಿಡುವುದಿಲ್ಲ, ಆದರೆ ವೇಗ ಮೇಲೆ ಕೆಳಗೆ ತೂಗುತ್ತದೆಯೇ? ಈ ಮೂರಕ್ಕೂ ಹುಡುಕುವ ಜಾಗ ಬೇರೆ. 'ಕ್ರೂಸ್ ವರ್ಕ್ ಆಗ್ತಿಲ್ಲ' ಅಂತಷ್ಟೇ ಹೇಳಿದರೆ ಮೆಕ್ಯಾನಿಕ್ ಪಾಪ ಎಲ್ಲಿ ಅಂತ ಹುಡುಕಬೇಕು?

ದೋಷವೇ ಅಲ್ಲದ್ದು

ಮೊದಲು ಇದನ್ನು ಬದಿಗಿಡೋಣ. ಬಹಳಷ್ಟು ಕಾರುಗಳಲ್ಲಿ 30ರಿಂದ 40 ಕಿ.ಮೀ. ವೇಗಕ್ಕಿಂತ ಕೆಳಗೆ ಕ್ರೂಸ್ ಸೆಟ್ ಆಗುವುದಿಲ್ಲ. ಏರಿನಲ್ಲಿ ಎರಡು ಮೂರು ಕಿ.ಮೀ. ಇಳಿದು ಮತ್ತೆ ಹಿಡಿಯುವುದು ಸಹಜ. ಇಳಿಜಾರಿನಲ್ಲಿ ವೇಗ ಏರುವುದೂ ಸಹಜ. ಸಾದಾ ಕ್ರೂಸ್ ಹೆಚ್ಚಿನ ಕಾರುಗಳಲ್ಲಿ ಬ್ರೇಕ್ ಹಾಕುವುದಿಲ್ಲ, ಥ್ರಾಟಲ್ ಮುಚ್ಚುವುದಷ್ಟೇ ಅದರ ಕೈಲಿ ಇರುವುದು. ಶಿರಾಡಿ ಘಾಟಿ ಇಳಿಯುವಾಗ ಕ್ರೂಸ್ ವೇಗ ಹಿಡಿಯಲಿಲ್ಲ ಅಂತ ಒಬ್ಬರು ಬೇಸರಪಟ್ಟರು. ಘಾಟಿಯಲ್ಲಿ ಕ್ರೂಸ್ ಹಾಕಲೇಬಾರದು. ಮಳೆಯಲ್ಲಿ, ಒದ್ದೆ ರಸ್ತೆಯಲ್ಲೂ ಬೇಡ.

ಟಾಪ್ ಗೇರಿನಲ್ಲಿ ಕಮ್ಮಿ ವೇಗಕ್ಕೆ ಸೆಟ್ ಮಾಡಿದರೆ ಸಣ್ಣ ಇಂಜಿನ್ ಏರು ಹತ್ತಲಾರದು. 1.2 ಲೀಟರ್ ಪೆಟ್ರೋಲ್ ಕಾರನ್ನು ಐದನೇ ಗೇರಿನಲ್ಲಿ 60ಕ್ಕೆ ಸೆಟ್ ಮಾಡಿ ಫ್ಲೈಓವರ್ ಹತ್ತಿಸಿದರೆ ಅದು ಏದುಸಿರು ಬಿಡುತ್ತದೆ. ವೇಗ ತುಂಬಾ ಇಳಿದರೆ ಹಲವು ಕಾರುಗಳಲ್ಲಿ ಕ್ರೂಸ್ ತಾನೇ ಕ್ಯಾನ್ಸಲ್ ಆಗುತ್ತದೆ. ಒಂದು ಗೇರ್ ಕೆಳಗಿಳಿಸಿ ನೋಡಿ. ಚಿತ್ರದುರ್ಗದ ಗಾಳಿಯಂತ್ರಗಳ ಹತ್ತಿರ ಎದುರುಗಾಳಿ ಬೀಸಿದಾಗಲೂ ಸಣ್ಣ ಕಾರು ಇದೇ ರೀತಿ ಒದ್ದಾಡುತ್ತದೆ.

ಇನ್ನೊಂದು, ಮೀಟರಿಗೂ ಮೊಬೈಲಿನ ಜಿಪಿಎಸ್ಸಿಗೂ ವ್ಯತ್ಯಾಸ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಮಿತಿ 100. ಮೀಟರಿನಲ್ಲಿ 100ಕ್ಕೆ ಸೆಟ್ ಮಾಡಿದರೆ ಜಿಪಿಎಸ್ 95 ಅಥವಾ 96 ತೋರಿಸಬಹುದು. ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸಬಾರದು ಅಂತ ಮೀಟರನ್ನು ಹಾಗೆ ಹೊಂದಿಸಿರುತ್ತಾರೆ. ಆ ವ್ಯತ್ಯಾಸ ಒಂದೇ ಸಮ ಇದ್ದರೆ ಚಿಂತೆ ಬೇಡ.

ನಡುವೆ ಬಿಟ್ಟುಹೋಗುತ್ತಿದ್ದರೆ

ಬ್ರೇಕ್ ಸ್ವಿಚ್ಚಿನಿಂದ ಶುರು ಮಾಡಿ. ಬ್ರೇಕ್ ಪೆಡಲಿನ ಮೇಲುಗಡೆ, ಡ್ಯಾಶ್‌ಬೋರ್ಡ್ ಒಳಗೆ, ಕಿರುಬೆರಳಿನಷ್ಟು ದಪ್ಪದ ಸ್ವಿಚ್ ಇರುತ್ತದೆ. ಕಾಲು ತೆಗೆದಾಗ ಪೆಡಲಿನ ತೋಳು ಹಿಂದೆ ಬಂದು ಸ್ವಿಚ್ಚಿನ ಕಡ್ಡಿಯನ್ನು ಒಳಗೆ ಒತ್ತಿ ಹಿಡಿಯುತ್ತದೆ. ತುಳಿದಾಗ ಕಡ್ಡಿ ಹೊರಗೆ ಬರುತ್ತದೆ, ಲೈಟ್ ಹತ್ತುತ್ತದೆ. ಈಗಿನ ಬಹಳಷ್ಟು ಸ್ವಿಚ್ಚುಗಳ ಒಳಗೆ ಎರಡು ಕಾಂಟ್ಯಾಕ್ಟ್ ಇರುತ್ತವೆ. ತುಳಿದಾಗ ಒಂದು ಸೇರುತ್ತದೆ, ಇನ್ನೊಂದು ಬಿಡುತ್ತದೆ. ಇಸಿಯು ಎರಡನ್ನೂ ತಾಳೆ ನೋಡುತ್ತದೆ. ತಾಳೆ ಆಗಲಿಲ್ಲ ಅಂದರೆ ಕ್ರೂಸ್ ಬಂದ್.

ನಮ್ಮ ಕಾರಿನಲ್ಲಿ ಸ್ವಿಚ್ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಸ್ಟಾಪರ್. ಪೆಡಲಿನ ತೋಳಿನಲ್ಲಿ ಒಂದು ತೂತಿರುತ್ತದೆ, ಆ ತೂತಿಗೆ ಅಂಗಿ ಗುಂಡಿಯಷ್ಟು ಸಣ್ಣ ಪ್ಲಾಸ್ಟಿಕ್ ಬಿರಡೆ ಹಾಕಿರುತ್ತಾರೆ. ಸ್ವಿಚ್ಚಿನ ಕಡ್ಡಿ ತಾಗುವುದು ಅದಕ್ಕೇ. ಬಿಸಿಲಿನಲ್ಲಿ ನಿಂತೂ ನಿಂತೂ ಅದು ಒಣಗಿ ಪುಡಿಯಾಗುತ್ತದೆ. ನಾನು ರಬ್ಬರ್ ಮ್ಯಾಟ್ ಎತ್ತಿ ಕೊಡವಿದಾಗ ಬಿಳಿಯ ಚೂರುಗಳು ಬಿದ್ದವು. ಒಣಗಿದ ಮೊಟ್ಟೆ ಸಿಪ್ಪೆಯ ಹಾಗೆ ಬೆರಳಲ್ಲಿ ಹಿಚುಕಿದರೆ ಪುಡಿ. ಮೊಬೈಲ್ ಟಾರ್ಚ್ ಹಿಡಿದು ಮೇಲೆ ನೋಡಿದರೆ ಬಿರಡೆಯ ಅರ್ಧ ಮಾತ್ರ ಉಳಿದಿತ್ತು. ಕಡ್ಡಿ ಅದರ ಅಂಚಿಗೆ ಹೇಗೋ ತಾಗಿಕೊಂಡು ನಿಂತಿತ್ತು. ನಯವಾದ ರಸ್ತೆಯಲ್ಲಿ ಸರಿ, ದಡ್ ಅಂದಾಗ ಕಡ್ಡಿ ಜಾರುತ್ತಿತ್ತು, ಬ್ರೇಕ್ ತುಳಿದರು ಅಂತ ಇಸಿಯುವಿಗೆ ಸುದ್ದಿ ಹೋಗುತ್ತಿತ್ತು.

ನಿಮ್ಮ ಕಾರಿನ ಮ್ಯಾಟ್ ಈಗಲೇ ಎತ್ತಿ ನೋಡಿ. ಬಿಳಿ, ನೀಲಿ, ಕಪ್ಪು, ಯಾವ ಬಣ್ಣದ ಪ್ಲಾಸ್ಟಿಕ್ ಚೂರು ಸಿಕ್ಕರೂ ಎಸೆಯಬೇಡಿ. ಅದೇ ಸಾಕ್ಷಿ. ಬಿರಡೆ ಪೂರ್ತಿ ಉದುರಿದರೆ ಕಡ್ಡಿ ತೂತಿನೊಳಗೆ ತೂರಿಕೊಂಡು ಬ್ರೇಕ್ ಲೈಟ್ ಸದಾ ಉರಿಯುತ್ತಿರುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಜನ ಬ್ಯಾಟರಿ ಬದಲಿಸುತ್ತಾರೆ! ಅದಕ್ಕಿಂತ ಕೆಟ್ಟದ್ದು ಬೇರೆ ಇದೆ. ಸದಾ ಉರಿಯುವ ಬ್ರೇಕ್ ಲೈಟ್ ನೋಡಿ ಅಭ್ಯಾಸವಾದ ಹಿಂದಿನ ಸವಾರನಿಗೆ ನೀವು ನಿಜವಾಗಿ ಬ್ರೇಕ್ ಹಾಕಿದ್ದು ಗೊತ್ತಾಗುವುದಿಲ್ಲ.

ಪರೀಕ್ಷೆ ಸುಲಭ. ಸಂಜೆ ಹೊತ್ತು ಕಾರಿನ ಹಿಂಭಾಗ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಕೀ ಆನ್ ಮಾಡಿ, ಇಂಜಿನ್ ಆಫ್ ಇರಲಿ. ಒಬ್ಬರು ಹಿಂದೆ ನಿಲ್ಲಲಿ, ಯಾರೂ ಇಲ್ಲದಿದ್ದರೆ ಮೊಬೈಲಿನಲ್ಲಿ ವಿಡಿಯೋ ಇಟ್ಟರೂ ಆಯಿತು. ಪೆಡಲನ್ನು ಕೈಯಲ್ಲೇ ನಿಧಾನಕ್ಕೆ ಒತ್ತಿ. ಸ್ವಲ್ಪ ಒತ್ತಿದ ಕೂಡಲೇ ಲೈಟ್ ಹತ್ತಬೇಕು, ಬಿಟ್ಟ ಕೂಡಲೇ ಆರಬೇಕು. ಆಮೇಲೆ ಒತ್ತದೆ, ಪೆಡಲಿನ ತೋಳನ್ನು ಬೆರಳ ಗಂಟಿನಿಂದ ಪಕ್ಕಕ್ಕೆ ತಟ್ಟಿ. ಲೈಟ್ ಮಿನುಗಿತೋ, ಕಳ್ಳ ಸಿಕ್ಕಿದ ಹಾಗೆ. ಹಿಂದಿನ ಬಲ್ಬುಗಳಲ್ಲಿ ಯಾವುದಾದರೂ ಸುಟ್ಟಿದೆಯೇ ಅಂತಲೂ ಇದೇ ಹೊತ್ತಿನಲ್ಲಿ ನೋಡಿಬಿಡಿ. ಕೆಲವು ಹಳೆಯ ಕಾರುಗಳಲ್ಲಿ ಕ್ರೂಸ್ ಬ್ರೇಕ್ ಬಲ್ಬಿನ ತಂತಿಯ ಮೂಲಕವೇ ಅರ್ಥ್ ಹುಡುಕುತ್ತದೆ. ಅಂಥ ಕಾರಿಗೆ ಅಂಗಡಿಯಿಂದ ಎಲ್‌ಇಡಿ ಬಲ್ಬ್ ತಂದು ಹಾಕಿದರೆ ಲೈಟ್ ಹತ್ತುತ್ತದೆ, ಕ್ರೂಸ್ ಮಾತ್ರ ಹಿಡಿಯುವುದಿಲ್ಲ.

ಸ್ಟಾಪರ್ ಬದಲಿಸುವುದು ಐದು ನಿಮಿಷದ ಕೆಲಸ. ಕಷ್ಟ ಬಗ್ಗಿ ಮಲಗುವುದರಲ್ಲಿ ಮಾತ್ರ. ಒಂದು ಕೈಯಲ್ಲಿ ಪೆಡಲ್ ಸ್ವಲ್ಪ ಒತ್ತಿ ಹಿಡಿದು, ಹಳೆಯ ಚೂರು ತೆಗೆದು, ಹೊಸದನ್ನು ತೂತಿಗೆ ಕ್ಲಿಕ್ ಅನ್ನುವ ತನಕ ಒತ್ತಬೇಕು. ಸ್ವಿಚ್ಚೇ ಬದಲಿಸುವುದಾದರೆ ಸ್ವಲ್ಪ ಜಾಗ್ರತೆ. ಕೆಲವು ಸ್ವಿಚ್ಚುಗಳು ಕೂರಿಸುವಾಗ ತಾವೇ ಅಳತೆ ಹೊಂದಿಸಿಕೊಳ್ಳುತ್ತವೆ, ಅದೂ ಒಂದೇ ಸಲ. ಅವನ್ನು ಆಯಾ ಕಾರಿಗೆ ಹೇಳಿದ ಕ್ರಮದಲ್ಲೇ ಕೂರಿಸಬೇಕು. ನಟ್ ಇರುವ ಸ್ವಿಚ್ಚನ್ನು ಪೆಡಲಿನ ಕಡೆಗೆ ಜಾಸ್ತಿ ತಿರುಗಿಸಿದರೆ ಪೆಡಲ್ ಪೂರ್ತಿ ಹಿಂದೆ ಬಾರದೆ ಬ್ರೇಕ್ ಹಿಡಿದುಕೊಂಡೇ ಇರುತ್ತದೆ. ಸ್ವಲ್ಪ ದೂರ ಓಡಿಸಿದ ಮೇಲೆ ಚಕ್ರದ ಹತ್ತಿರ ಕೈ ತಂದು ನೋಡಿ. ಬಿಸಿ ಹೊಡೆಯುತ್ತಿದ್ದರೆ ಅಳತೆ ತಪ್ಪಿದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬ್ರೇಕ್ ಸ್ವಿಚ್ಚಿನ ವೈರುಗಳನ್ನು ಸೇರಿಸಿ ಬೈಪಾಸ್ ಮಾಡಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನೀವು ಬ್ರೇಕ್ ತುಳಿದಿದ್ದು ಇಸಿಯುವಿಗೆ ಗೊತ್ತಾಗದಿದ್ದರೆ ಒಂದು ಕಡೆ ಬ್ರೇಕ್ ಹಿಡಿಯುತ್ತಿರುತ್ತದೆ, ಇನ್ನೊಂದು ಕಡೆ ಕ್ರೂಸ್ ಇಂಜಿನ್ನಿಗೆ ಇನ್ನಷ್ಟು ಓಡು ಅನ್ನುತ್ತಿರುತ್ತದೆ.

ಬ್ರೇಕ್ ಸರಿ ಇದ್ದರೆ ಕ್ಲಚ್ ನೋಡಿ. ನಮ್ಮಲ್ಲಿ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ರೂಢಿ ಬಹಳ ಜನಕ್ಕಿದೆ. ಎಡಗಾಲಿನ ಭಾರಕ್ಕೆ ಪೆಡಲ್ ಒಂಚೂರು ಇಳಿದರೂ ಸ್ವಿಚ್ ಬಿಡುತ್ತದೆ, ಕ್ರೂಸ್ ಹೋಗುತ್ತದೆ. ಕಾಲನ್ನು ಪಕ್ಕದ ಜಾಗದಲ್ಲಿಟ್ಟು 20 ಕಿ.ಮೀ. ಓಡಿಸಿ ನೋಡಿ. ಕ್ಲಚ್ ಪ್ಲೇಟ್ ಬದಲಿಸಿದ ಮೇಲೆ ಈ ತೊಂದರೆ ಬಂದಿದ್ದರೆ ಪೆಡಲಿನ ಫ್ರೀ ಪ್ಲೇ, ಅಂದರೆ ಕ್ಲಚ್ ಹಿಡಿಯುವ ಮೊದಲು ಪೆಡಲ್ ಸುಮ್ಮನೆ ಇಳಿಯುವ ಅಳತೆ, ಸರಿಯಾಗಿ ಹೊಂದಿಸಿಲ್ಲ ಅಂತ ಅರ್ಥ.

ಆಮೇಲೆ ಚಕ್ರದ ಸೆನ್ಸರ್. ಇದರ ಗುರುತು ಬೇರೆ. ಕ್ರೂಸ್ ಬಿಡುವಾಗ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡುವ ವ್ಯವಸ್ಥೆ) ಲೈಟ್ ಅಥವಾ ಕಾರು ಜಾರುವ ಚಿತ್ರದ ಲೈಟ್ ಜೊತೆಗೆ ಬರುತ್ತದೆ. ಕೆಸರು, ಸವೆದ ವೈರ್, ಬೇರಿಂಗ್ ಸಡಿಲ, ಇವೆಲ್ಲ ಕಾರಣ ಆಗಬಹುದು. ಹಲವು ಕಾರುಗಳಲ್ಲಿ ಬೇರಿಂಗಿನ ಒಂದು ಮಗ್ಗುಲಿಗೆ ಅಯಸ್ಕಾಂತದ ಪಟ್ಟಿ ಇರುತ್ತದೆ, ಸೆನ್ಸರ್ ಓದುವುದು ಅದನ್ನೇ. ಬೇರಿಂಗ್ ತಿರುಗಾ ಮುರುಗಾ ಕೂರಿಸಿದರೆ ಆ ಚಕ್ರದ ವೇಗ ಸೊನ್ನೆ! ಬೇರಿಂಗ್ ಬದಲಿಸಿದ ಮಾರನೇ ದಿನದಿಂದ ಕ್ರೂಸ್ ಇಲ್ಲ ಅನ್ನುವವರು ಇದನ್ನೇ ಮೊದಲು ಕೇಳಬೇಕು. ಮುಂದೆ ಒಂದು ಹೊಸ ಟೈರು, ಒಂದು ಸವೆದ ಟೈರು ಹಾಕಿದ್ದರೂ, ಅಳತೆ ಬೇರೆ ಇರುವ ಸ್ಟೆಪ್ನಿ ಹಾಕಿದ್ದರೂ ಕಂಪ್ಯೂಟರಿಗೆ ಗೊಂದಲ ಆಗಬಹುದು. ಟೈರ್ ಗಾಳಿ ನೋಡುವುದಂತೂ ಪುಕ್ಕಟೆ ಕೆಲಸ.

ವೇಗ ತೂಗಾಡುತ್ತಿದ್ದರೆ

80ಕ್ಕೆ ಸೆಟ್ ಮಾಡಿದರೆ 76, 84, ಮತ್ತೆ 76. ಗ್ಯಾರೇಜಿನವರು ಇದಕ್ಕೆ ಹಂಟಿಂಗ್ ಅನ್ನುತ್ತಾರೆ. ಇದನ್ನು ಪತ್ತೆ ಹಚ್ಚಲು ಮೀಟರಿಗಿಂತ ಮೈ ಒಳ್ಳೆಯದು. ಕ್ರೂಸ್ ಕಂಟ್ರೋಲ್ ಹುಟ್ಟಿದ ಕಥೆಯೇ ಹಾಗಿದೆ. ಅಮೆರಿಕದ ರಾಲ್ಫ್ ಟೀಟರ್ ಅನ್ನುವ ಇಂಜಿನಿಯರ್ ಐದನೇ ವಯಸ್ಸಿನಲ್ಲೇ ಕಣ್ಣು ಕಳೆದುಕೊಂಡವರು. ಅವರ ವಕೀಲರು ಕಾರು ಓಡಿಸುವಾಗ ಮಾತಾಡಿದರೆ ನಿಧಾನ, ಸುಮ್ಮನಾದರೆ ಜೋರು. ಪಕ್ಕದಲ್ಲಿ ಕೂತ ಟೀಟರ್‌ಗೆ ಆ ತೂಗಾಟ ಸಹಿಸಲಾಗದೆ ಈ ಉಪಕರಣ ಹೊಳೆಯಿತು ಅಂತ ಹೇಳುತ್ತಾರೆ. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ಬಂತು. ನೀವೂ ಹಾಗೇ ಮಾಡಿ. ಓಡಿಸಲು ಬೇರೆಯವರನ್ನು ಕೂರಿಸಿ, ನೀವು ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತುಕೊಳ್ಳಿ. ಎಳೆತ ಮೆಲ್ಲಗೆ ಏರಿ ಇಳಿಯುತ್ತಿದೆಯೋ, ಚಕ್ ಚಕ್ ಅಂತ ಜಗ್ಗುತ್ತಿದೆಯೋ ಬೆನ್ನಿಗೆ ಗೊತ್ತಾಗುತ್ತದೆ.

ಮೆಲ್ಲಗೆ ತೂಗುತ್ತಿದ್ದರೆ ಥ್ರಾಟಲ್ ಬಾಡಿ ಮೇಲೆ ಅನುಮಾನ. ಒಳಗಿನ ತಟ್ಟೆಯ ಅಂಚಿಗೆ ಕಾರ್ಬನ್ ಕಟ್ಟಿ ಅದು ಅಂಟಿಕೊಳ್ಳುತ್ತದೆ. ಇಸಿಯು ಸ್ವಲ್ಪ ತೆರೆ ಅಂದಾಗ ತೆರೆಯುವುದಿಲ್ಲ, ಇನ್ನೂ ಸ್ವಲ್ಪ ಅಂದಾಗ ಒಮ್ಮೆಗೇ ಜಾಸ್ತಿ ತೆರೆಯುತ್ತದೆ. ಐಡಲ್, ಅಂದರೆ ಕಾರು ನಿಂತಾಗ ಇಂಜಿನ್ ತಿರುಗುವ ವೇಗ, ಕೂಡ ಏರುಪೇರಾಗಿದ್ದರೆ ಅನುಮಾನ ಗಟ್ಟಿ. ಅದಕ್ಕೆಂದೇ ಸಿಗುವ ಕ್ಲೀನರ್, ಮೆತ್ತನೆ ಬಟ್ಟೆ ಬಳಸಿ. ಉಪ್ಪುಕಾಗದ, ತಂತಿ ಬ್ರಷ್ ಬೇಡ. ಕೀ ಆನ್ ಇರುವಾಗ ತಟ್ಟೆಗೆ ಬೆರಳು ಹಾಕಬೇಡಿ, ಮೋಟಾರ್ ಬೆರಳು ಕಚ್ಚುತ್ತದೆ. ಕ್ಲೀನ್ ಮಾಡಿದ ಮೇಲೆ ಹಲವು ಕಾರುಗಳಿಗೆ ಸ್ಕ್ಯಾನರಿನಲ್ಲಿ ಐಡಲ್ ಅನ್ನು ಮತ್ತೆ ಕಲಿಸಬೇಕಾಗುತ್ತದೆ.

ಏರಿನಲ್ಲಿ ಮಾತ್ರ ಸೋಲುತ್ತಿದ್ದರೆ ಇಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ತೋರಿಸುವ ಆರ್‌ಪಿಎಂ ಮುಳ್ಳು ನೋಡಿ. ಮುಳ್ಳು ಏರುತ್ತದೆ, ವೇಗ ಏರುವುದಿಲ್ಲ ಅಂದರೆ ಕ್ಲಚ್ ಸ್ಲಿಪ್ ಆಗುತ್ತಿದೆ. ಮುಳ್ಳೂ ಬೀಳುತ್ತದೆ, ವೇಗವೂ ಬೀಳುತ್ತದೆ ಅಂದರೆ ಇಂಜಿನ್ನಿಗೇ ಪಿಕಪ್ ಇಲ್ಲ. ಏರ್ ಫಿಲ್ಟರ್, ಡೀಸೆಲ್ ಆದರೆ ಡೀಸೆಲ್ ಫಿಲ್ಟರ್, ಟರ್ಬೋ ಹೋಸ್ ಸೀಳಿದೆಯೇ, ಇವೆಲ್ಲ ನೋಡಿ. ಕ್ರೂಸ್ ಆಫ್ ಮಾಡಿ ಕಾಲಲ್ಲಿ ಓಡಿಸಿದರೂ ಅದೇ ಸುಸ್ತು ಇರುತ್ತದೆ. ಕಾಲು ನಮಗರಿವಿಲ್ಲದೆ ಜಾಸ್ತಿ ತುಳಿದು ಅದನ್ನು ಮುಚ್ಚಿಹಾಕುತ್ತಿರುತ್ತದೆ, ಅಲ್ವಾ? ಆಟೋಮ್ಯಾಟಿಕ್ ಕಾರು ಒಂದೇ ಏರಿನಲ್ಲಿ ಮೇಲಿನ ಗೇರು, ಕೆಳಗಿನ ಗೇರು ಅಂತ ಮತ್ತೆ ಮತ್ತೆ ಬದಲಿಸುತ್ತಿದ್ದರೆ ಆ ಏರಿನಷ್ಟು ಹೊತ್ತು ಮ್ಯಾನ್ಯುಯಲ್ ಮೋಡಿನಲ್ಲಿ ಕೆಳಗಿನ ಗೇರಿಗೆ ಹಾಕಿ. ತೂಗಾಟ ನಿಂತರೆ ಕ್ರೂಸಿನ ತಪ್ಪಲ್ಲ.

ಗಲ್ಫ್‌ನಲ್ಲೋ ಅಮೆರಿಕದಲ್ಲೋ ಹಳೆಯ ಕಾರು ಓಡಿಸುವವರಿಗೆ ಒಂದು ಮಾತು. ಅವುಗಳಲ್ಲಿ ಇನ್ನೂ ಕೇಬಲ್ ಇರುತ್ತದೆ, ಹಲವುದರಲ್ಲಿ ಅದನ್ನು ಎಳೆಯುವುದು ಇಂಜಿನ್ನಿನ ವ್ಯಾಕ್ಯೂಮ್, ಅಂದರೆ ಇಂಜಿನ್ ಗಾಳಿ ಹೀರುವ ಸೆಳೆತ. ಕೇಬಲ್ ಸಡಿಲವಾದರೆ ವೇಗ ತೂಗುತ್ತದೆ. ವ್ಯಾಕ್ಯೂಮ್ ಹೋಸ್ ಬಿರುಕು ಬಿಟ್ಟರೆ ವೇಗ ನಿಧಾನಕ್ಕೆ ಸೋರಿಹೋಗುತ್ತದೆ.

ಸೆಟ್ಟೇ ಆಗದಿದ್ದರೆ

ಮೀಟರಿನಲ್ಲಿ ಕ್ರೂಸ್ ಗುರುತೇ ಬರದಿದ್ದರೆ ಮೊದಲು ಫ್ಯೂಸ್ ನೋಡಿ, ಆಮೇಲೆ ಹಾರ್ನ್ ಒತ್ತಿ. ಹಾರ್ನೂ ಇಲ್ಲ, ಆಡಿಯೋ ಬಟನ್ನೂ ಇಲ್ಲ, ಏರ್‌ಬ್ಯಾಗ್ ಲೈಟ್ ಹತ್ತಿದೆ ಅಂದರೆ ಸ್ಟೀರಿಂಗ್ ಒಳಗಿನ ಸುರುಳಿ ಕೇಬಲ್, ಗ್ಯಾರೇಜಿನ ಮಾತಿನಲ್ಲಿ ಕ್ಲಾಕ್ ಸ್ಪ್ರಿಂಗ್, ತುಂಡಾಗಿದೆ. ಇದನ್ನು ಮನೆಯಲ್ಲಿ ಬಿಚ್ಚಬೇಡಿ, ಏರ್‌ಬ್ಯಾಗ್ ಅದರ ಮುಂದೆಯೇ ಇದೆ. ಹಾರ್ನ್ ಸರಿ ಇದ್ದು ಕ್ರೂಸ್ ಬಟನ್ ಮಾತ್ರ ಕೇಳದಿದ್ದರೆ ಬಟನ್ನಿನೊಳಗೆ ಕಾಫಿ, ಜ್ಯೂಸ್ ಹೋಗಿ ಅಂಟಾಗಿದೆಯೇ ನೋಡಿ. ಕ್ರೂಸ್ ಗುರುತು ಬರುತ್ತದೆ, ಸೆಟ್ ಮಾತ್ರ ಆಗುವುದಿಲ್ಲ ಅಂದರೆ ಮತ್ತೆ ಬ್ರೇಕ್ ಸ್ವಿಚ್ಚಿಗೇ ಬನ್ನಿ.

ಕಾರಿನ ಕಂಪ್ಯೂಟರಿಗೆ ಸಿಕ್ಕಿಸಿ ಮೊಬೈಲಿನಲ್ಲಿ ಓದುವ ಬ್ಲೂಟೂತ್ ಓಬಿಡಿ ಡಾಂಗಲ್ ಇದ್ದರೆ ಎರರ್ ಕೋಡ್ ಓದಿ. ಪಿ0571 ಮತ್ತು ಪಿ0504 ಬ್ರೇಕ್ ಸ್ವಿಚ್ಚಿನವು. ಪಿ0704 ಕ್ಲಚ್ ಸ್ವಿಚ್ಚಿನದು, ಪಿ0500 ವೇಗದ ಸೆನ್ಸರಿನದು, ಪಿ0564 ಕ್ರೂಸ್ ಬಟನ್ನಿನದು, ಪಿ2135 ಥ್ರಾಟಲಿನದು. ಕೋಡ್ ಬಂತು ಅಂತ ಪಾರ್ಟ್ ತರಲು ಓಡಬೇಡಿ. ಕೋಡ್ ಹೇಳುವುದು ಯಾವ ದಾರಿಯಲ್ಲಿ ತೊಂದರೆ ಅಂತ. ಆ ದಾರಿಯಲ್ಲಿ ವೈರೂ ಇದೆ, ಕಪ್ಲರೂ ಇದೆ. ಅಗ್ಗದ ಡಾಂಗಲ್ ಎಷ್ಟೋ ಸಲ ಎಬಿಎಸ್ ಕೋಡ್ ಓದುವುದಿಲ್ಲ ಅನ್ನುವುದೂ ನೆನಪಿರಲಿ. ಕೋಡ್ ಇಲ್ಲದಿದ್ದರೆ ಲೈವ್ ಡೇಟಾ ನೋಡಿ. ಕಾರು ನಿಂತಿರುವಾಗ ಬ್ರೇಕ್ ಸ್ವಿಚ್ ಆನ್ ಆಫ್ ಆಗುವುದನ್ನು, ಓಡುವಾಗ ನಾಲ್ಕೂ ಚಕ್ರದ ವೇಗವನ್ನು ಗಮನಿಸಿ. ಓಡುವಾಗ ಸ್ಕ್ರೀನ್ ನೋಡುವವರು ಪಕ್ಕದಲ್ಲಿ ಕೂತವರೇ ಆಗಿರಲಿ.

ಮುಂದಿನ ಗಾಡಿ ನೋಡಿ ವೇಗ ಇಳಿಸುವ ಅಡಾಪ್ಟಿವ್ ಕ್ರೂಸ್ ಇದ್ದರೆ ರಾಡಾರ್ ಇರುವ ಜಾಗ ಒರೆಸಿ. ಬಂಪರ್ ರಿಪೇರಿ ಆದ ಮೇಲೆ ಅಥವಾ ಮುಂದಿನ ಗಾಜು ಬದಲಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಕ್ಯಾಲಿಬ್ರೇಷನ್, ಅಂದರೆ ರಾಡಾರ್, ಕ್ಯಾಮೆರಾದ ನೋಟವನ್ನು ಮತ್ತೆ ಸರಿಹೊಂದಿಸುವುದು, ಮಾಡಿಸಲೇಬೇಕು, ಅದು ಕಂಪನಿ ಸರ್ವಿಸ್ ಸೆಂಟರಿನ ಕೆಲಸ. ರಾಡಾರ್ ಮುಂದೆ ಕ್ರ್ಯಾಶ್ ಗಾರ್ಡ್ (ಬಂಪರಿಗೆ ಹೊರಗಿನಿಂದ ಹಾಕಿಸುವ ಲೋಹದ ಸರಳು) ಹಾಕಿಸಿದ್ದರೆ ತೆಗೆಸಿ. ಅದನ್ನು ಹಾಕಬಾರದು ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ತಿಳಿಸಿದೆ.

ರಿಪೇರಿ ಯಾವುದೇ ಇರಲಿ, ರಸ್ತೆಗಿಳಿಯುವ ಮೊದಲು ಬ್ರೇಕ್ ಲೈಟ್ ಮತ್ತೊಮ್ಮೆ ನೋಡಿ. ಆಮೇಲೆ ಖಾಲಿ ರಸ್ತೆಯಲ್ಲಿ 60ಕ್ಕೆ ಸೆಟ್ ಮಾಡಿ ಬ್ರೇಕನ್ನು ಬರೀ ಮುಟ್ಟಿ, ಕೂಡಲೇ ಕ್ರೂಸ್ ಬಿಡಬೇಕು. ಮತ್ತೆ ಸೆಟ್ ಮಾಡಿ ಕ್ಲಚ್ ಮುಟ್ಟಿ ನೋಡಿ. ಕೆಲವು ಹೊಸ ಕಾರುಗಳಲ್ಲಿ ಗೇರ್ ಬದಲಿಸಿದರೂ ಕ್ರೂಸ್ ಉಳಿಯುತ್ತದೆ, ಮಿಕ್ಕವುಗಳಲ್ಲಿ ಬಿಡಬೇಕು.

ಅಂಗಡಿಗೆ ಹೋದಾಗ ಸ್ಟಾಪರ್ ಒಂದಲ್ಲ, ಎರಡು ತನ್ನಿ. ಕ್ಲಚ್ ಪೆಡಲಿನಲ್ಲೂ ಹೆಚ್ಚಾಗಿ ಅಂಥದ್ದೇ ಬಿರಡೆ ಇರುತ್ತದೆ, ಅದಕ್ಕೂ ಅಷ್ಟೇ ವಯಸ್ಸಾಗಿರುತ್ತದೆ. ನಮ್ಮ ಕಾರಿನ ಕ್ಲಚ್ ಬಿರಡೆ ಇನ್ನೂ ಉದುರಿರಲಿಲ್ಲ. ಉಗುರಿನಿಂದ ಒತ್ತಿದೆ, ಎರಡು ಹೋಳಾಗಿ ಕೈಗೆ ಬಂತು.